ಬಾಗುವ ಮರ, ಕೊಳೆಯದ ತೊಗಲು

ಮಕ್ಕಳೇ, ಮೊದಲು ಎರಡು ಪ್ರಶ್ನೆ.

ಒಲೆಗೆಂದು ತಂದ ಒಣ ಕಟ್ಟಿಗೆಯನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಬಿಲ್ಲು ಕೂಡ ಒಣಗಿದ ಮರದ್ದೇ. ಅದನ್ನು ದಿನವಿಡೀ ಎಳೆದು ಬಿಟ್ಟರೂ ಮುರಿಯುವುದಿಲ್ಲ, ಪ್ರತಿ ಸಲವೂ ಮೊದಲಿನ ಆಕಾರಕ್ಕೆ ಬಂದು ನಿಲ್ಲುತ್ತದೆ. ಯಾಕೆ?

ಆಡಿನ ಹಸಿ ತೊಗಲನ್ನು ದಾವಣಗೆರೆಯ ಸೆಕೆಯಲ್ಲಿ ಹಾಗೇ ಬಿಟ್ಟರೆ ಒಂದೆರಡು ದಿನದಲ್ಲೇ ವಾಸನೆ ಹಿಡಿದು ಕೊಳೆಯತೊಡಗುತ್ತದೆ. ಅದೇ ತೊಗಲು ಚಪ್ಪಲಿಯಾದ ಮೇಲೆ ದೂಳು, ಕೆಸರು, ಬೆವರು ಎಲ್ಲವನ್ನೂ ತಾಳಿಕೊಂಡು ವರ್ಷಗಟ್ಟಲೆ ಬಾಳುತ್ತದೆ. ಅದು ಯಾಕೆ?

ಎರಡು ಪ್ರಶ್ನೆಗೂ ಉತ್ತರ ನಾರಿನಲ್ಲಿದೆ. ಮರದೊಳಗೂ ನಾರು, ತೊಗಲಿನೊಳಗೂ ನಾರು. ನಾರು ಯಾವ ದಿಕ್ಕಿಗೆ ಓಡುತ್ತದೆ, ಎಷ್ಟು ಎಳೆದರೆ ತಡೆಯುತ್ತದೆ, ಯಾವುದರಿಂದ ಗಟ್ಟಿಯಾಗುತ್ತದೆ ಎಂಬುದನ್ನು ಸೂಕ್ಷ್ಮದರ್ಶಕ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಮನುಷ್ಯರು ಕೈಯಿಂದ ಮುಟ್ಟಿ ಮುಟ್ಟಿ ತಿಳಿದಿದ್ದರು. ಇದನ್ನು ಅರಿಯಲು ನೀವು ದೊಡ್ಡ ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ನಿಮ್ಮ ಮನೆಯ ಅಡುಗೆಮನೆ ಸಾಕು. ಜೊತೆಗೆ ರಸ್ತೆ ಬದಿ ಚಪ್ಪಲಿ ಹೊಲಿಯುವವರ ಹತ್ತಿರ ಸ್ವಲ್ಪ ಹೊತ್ತು ನಿಲ್ಲುವ ತಾಳ್ಮೆ ಬೇಕು.

ಬಿಲ್ಲು, ತೊಗಲು ಜೊತೆಯಾಗಿ ಬಂದವು

ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿ, ತುಂಗಭದ್ರೆಯ ದಡದಲ್ಲಿ ಹರಿಹರ ಇದೆ. ಅಲ್ಲಿನ ಹರಿಹರೇಶ್ವರ ದೇವಾಲಯವನ್ನು ನೀವು ನೋಡಿರಬಹುದು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಪುರಾಣದ ಕಥೆಗಳಲ್ಲಿ ಶಿವ ತೊಗಲನ್ನೇ ಉಡುತ್ತಾನೆ, ಪಿನಾಕವೆಂಬ ಬಿಲ್ಲು ಹಿಡಿಯುತ್ತಾನೆ. ವಿಷ್ಣುವಿನ ಬಿಲ್ಲು ಶಾರ್ಙ್ಗ, ಅದು ಕೊಂಬಿನದು ಎನ್ನುತ್ತಾರೆ. ಕಥೆ ಕಟ್ಟಿದ ಜನರಿಗೆ ಬಿಲ್ಲೂ ತೊಗಲೂ ದಿನಬಳಕೆಯ ವಸ್ತುಗಳಾಗಿದ್ದವು ಎಂದು ಇದರಿಂದಲೇ ತಿಳಿಯುತ್ತದೆ. ನಮ್ಮ ಹಳ್ಳಿಗಳ ವೀರಗಲ್ಲುಗಳಲ್ಲೂ ಬಿಲ್ಲು ಎಳೆದು ನಿಂತ ವೀರರನ್ನು ಕಾಣುತ್ತೇವೆ.

ಇನ್ನೂ ಹಳೆಯ ಸಾಕ್ಷಿ ಬೇಕೆ? 1991ರ ಸೆಪ್ಟೆಂಬರಿನಲ್ಲಿ ಇಟಲಿ ಮತ್ತು ಆಸ್ಟ್ರಿಯಾ ಗಡಿಯ ಆಲ್ಪ್ಸ್ ಪರ್ವತದ ಹಿಮದಲ್ಲಿ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಹಿಮದಲ್ಲಿ ಹೂತು ಉಳಿದಿದ್ದ ಆ ದೇಹಕ್ಕೆ ಸುಮಾರು 5,300 ವರ್ಷ. ಅವನಿಗೆ ಬಂದ ಹೆಸರು ಓಟ್ಸಿ. ಅವನ ಬಳಿ ಯೂ ಎಂಬ ಮರದ ಬಿಲ್ಲಿತ್ತು. ಉದ್ದ 1.82 ಮೀಟರ್, ಅಂದರೆ ಎತ್ತರದ ಆಳಿನಷ್ಟು. ಅದರ ಕೆಲಸ ಇನ್ನೂ ಮುಗಿದಿರಲಿಲ್ಲ, ಕೆತ್ತಿದ ಗುರುತುಗಳು ಹಾಗೇ ಇದ್ದವು. ಬಾಣ ಇಡುವ ಬತ್ತಳಿಕೆ ತೊಗಲಿನದು. ಮೈಮೇಲಿನ ಬಟ್ಟೆ ಆಡು, ಕುರಿಯ ತೊಗಲಿನದು. ತಲೆಯ ಟೋಪಿ ಕರಡಿಯದು. ಕಬ್ಬಿಣವನ್ನೇ ಕಾಣದ ಕಾಲದಲ್ಲಿ ಒಬ್ಬ ಮನುಷ್ಯ ಮರವನ್ನೂ ತೊಗಲನ್ನೂ ಇಷ್ಟು ಚೆನ್ನಾಗಿ ಪಳಗಿಸಿಕೊಂಡಿದ್ದ.

ಮರದ ನಾರು ಮಾಡುವ ಕೆಲಸ

ಮರದ ತುಂಡೊಂದನ್ನು ತುಂಬ ದೊಡ್ಡದಾಗಿಸಿ ನೋಡಿದರೆ ಬೇರಿನ ಕಡೆಯಿಂದ ತುದಿಯ ಕಡೆಗೆ ಓಡುವ ಸಣ್ಣ ಸಣ್ಣ ಕೊಳವೆಗಳು ಕಾಣುತ್ತವೆ. ಕೊಳವೆಯ ಗೋಡೆಯಲ್ಲಿರುವ ಉದ್ದನೆಯ ನಾರು ಸೆಲ್ಯುಲೋಸ್. ಆ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಲಿಗ್ನಿನ್. ಮರದಲ್ಲಿ ಸೆಲ್ಯುಲೋಸ್ ಹೆಚ್ಚುಕಡಿಮೆ ಅರ್ಧದಷ್ಟಿದ್ದರೆ, ಲಿಗ್ನಿನ್ ಸುಮಾರು ಕಾಲು ಭಾಗ ಇರುತ್ತದೆ. ಹರಿಹರದ ಸೇತುವೆ ದಾಟಿದರೆ ಸಿಗುವ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ ನಡೆಯುವುದು ಇದೇ ವಿದ್ಯೆಯಿಂದ. ಮರವನ್ನು ಬೇಯಿಸಿ, ಲಿಗ್ನಿನ್ ಅಂಟನ್ನು ಬಿಡಿಸಿ, ಉಳಿದ ಸೆಲ್ಯುಲೋಸಿನಿಂದ ಬಟ್ಟೆಗೆ ಬೇಕಾದ ಎಳೆ ತೆಗೆಯುತ್ತಾರೆ. ನಿಮ್ಮ ಮನೆಯ ವಿಸ್ಕೋಸ್ ಬಟ್ಟೆ ಒಂದು ಕಾಲಕ್ಕೆ ಮರವಾಗಿತ್ತು!

ಬಿಲ್ಲು ಮಾಡುವವರು ಮಾತ್ರ ನಾರನ್ನೂ ಅಂಟನ್ನೂ ಬೇರೆ ಮಾಡುವುದಿಲ್ಲ. ಎರಡೂ ಸೇರಿಯೇ ಕೆಲಸ ಮಾಡಬೇಕು. ಅದಕ್ಕಾಗಿ ಅವರು ಪಾಲಿಸುವ ಮೊದಲ ನಿಯಮ, ನಾರನ್ನು ಕತ್ತರಿಸಬಾರದು. ಗರಗಸದಲ್ಲಿ ನೇರವಾಗಿ ಕೊಯ್ದರೆ ಹಲಗೆ ನೇರವಾಗಿ ಬರುತ್ತದೆ, ನಿಜ. ಆದರೆ ನಾರು ಎಲ್ಲೋ ಸ್ವಲ್ಪ ವಾಲಿಕೊಂಡು ಓಡಿದ್ದರೆ ಗರಗಸ ಅದನ್ನು ಅಡ್ಡಲಾಗಿ ಕೊಯ್ದುಬಿಡುತ್ತದೆ. ಬಿಲ್ಲು ಬಾಗಿದಾಗ ಸಿಬಿರು ಏಳುವುದು ಅಲ್ಲಿಂದಲೇ. ಆದ್ದರಿಂದ ಮರವನ್ನು ಬೆಣೆ ಹೊಡೆದು ಸೀಳುತ್ತಾರೆ. ಸೀಳು ತಾನಾಗಿಯೇ ನಾರಿನ ಹಾದಿ ಹಿಡಿದು ಹೋಗುತ್ತದೆ. ಬಿದಿರಿನಲ್ಲಿ ಬುಟ್ಟಿ, ಮೊರ ಹೆಣೆಯುವ ಮೇದಾರರ ಕೈಯಲ್ಲಿ ಇದೇ ಜಾಣತನ ಇದೆ. ಅವರ ಕತ್ತಿ ಬಿದಿರಿನ ತುದಿಗೆ ಬಾಯಿ ಬಿಡಿಸುತ್ತದೆ ಅಷ್ಟೆ, ಉಳಿದ ದಾರಿಯನ್ನು ನಾರೇ ತೋರಿಸುತ್ತದೆ.

ಈಗ ಮುರಿಯದಿರುವ ಗುಟ್ಟಿಗೆ ಬರೋಣ. ಅದನ್ನು ನೀವೇ ಕಂಡುಹಿಡಿಯಬಹುದು.

ಮಾಡಿ ನೋಡಿ: ಒಂದು

ಉದ್ದನೆಯ ದಪ್ಪ ಸ್ಪಂಜು ತೆಗೆದುಕೊಳ್ಳಿ. ಅದರ ಪಕ್ಕದ ಮೈಮೇಲೆ ಮೇಲಿಂದ ಕೆಳಗೆ, ಒಂದೊಂದು ಸೆಂಟಿಮೀಟರಿಗೆ ಒಂದರಂತೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆಯಿರಿ. ಎರಡೂ ತುದಿ ಹಿಡಿದು, ನಡುಭಾಗ ಮೇಲೆ ಉಬ್ಬುವಂತೆ ಬಗ್ಗಿಸಿ. ಮೇಲ್ಭಾಗದಲ್ಲಿ ಗೆರೆಗಳು ದೂರ ಸರಿಯುತ್ತವೆ. ಕೆಳಭಾಗದಲ್ಲಿ ಹತ್ತಿರ ಬರುತ್ತವೆ. ನಟ್ಟನಡುವೆ ಅಂತರ ಬದಲಾಗುವುದಿಲ್ಲ.

ಬಿಲ್ಲಿನಲ್ಲೂ ಹೀಗೇ. ಬಿಲ್ಲುಗಾರನಿಂದ ಆಚೆಗಿರುವ ಮೈಯ ನಾರುಗಳು ಹಿಗ್ಗುತ್ತವೆ, ಅವನ ಕಡೆಗಿರುವ ಮೈಯ ನಾರುಗಳು ಕುಗ್ಗುತ್ತವೆ. ನಡುವಿನ ಪದರಕ್ಕೆ ಎಳೆತವೂ ಇಲ್ಲ, ಒತ್ತಡವೂ ಇಲ್ಲ. ಕಡ್ಡಿ ದಪ್ಪವಾದಷ್ಟೂ ಹೊರಮೈ ನಡುವಿನಿಂದ ದೂರ ಹೋಗುತ್ತದೆ, ಅಷ್ಟಷ್ಟೇ ಹೆಚ್ಚು ಹಿಗ್ಗಬೇಕಾಗುತ್ತದೆ. ಒಲೆಯ ಕಟ್ಟಿಗೆ ದಪ್ಪ ಮತ್ತು ಗಿಡ್ಡ. ಬಗ್ಗಿಸಿದರೆ ಹೊರಮೈಯ ನಾರು ತನ್ನ ಮಿತಿ ದಾಟಿ ಹರಿದುಹೋಗುತ್ತದೆ. ಬಿಲ್ಲು ತೆಳು ಮತ್ತು ಉದ್ದ. ಬಾಗುವಿಕೆ ಉದ್ದಕ್ಕೂ ಹಂಚಿಹೋಗುವುದರಿಂದ ಯಾವ ನಾರಿಗೂ ಮಿತಿ ಮೀರಿದ ಎಳೆತ ಬೀಳುವುದಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ.

ಬಿಲ್ಲು ಕೆತ್ತುವ ಕೈ

ನಮ್ಮ ಕಡೆ ಬಿಲ್ಲಿಗೆ ಒಗ್ಗುವ ಮರ ಯಾವುದು? ಒಂದು, ಬಿದಿರು. ಅದರ ಹೊರಮೈಯಲ್ಲಿ ನಾರು ತುಂಬ ದಟ್ಟ, ಒಳಗೆ ಹೋದಂತೆ ವಿರಳ. ಹಾಗಾಗಿ ಹೊಳೆಯುವ ಹೊರಮೈಯನ್ನು ಹಿಗ್ಗುವ ಕಡೆಗೆ, ಅಂದರೆ ಬಿಲ್ಲುಗಾರನಿಂದ ಆಚೆಗೆ ಇಟ್ಟು, ಒಳಮೈಯನ್ನಷ್ಟೇ ಕೆತ್ತುತ್ತಾರೆ. ಇನ್ನೊಂದು, ತಡಸಲು ಮರ. ಮಲೆನಾಡಿನ ಅಂಚಿನ ಕಾಡುಗಳಲ್ಲಿ ಬೆಳೆಯುತ್ತದೆ. ಬಾಗಿ ಚಿಮ್ಮುವ ಗುಣ ಇರುವುದರಿಂದ ಬಿಲ್ಲಿಗೂ, ಕೊಡಲಿಯ ಕಾವಿಗೂ, ಗಾಡಿಯ ಮೂಕಿಗೂ ಹೆಸರಾದ ಮರ.

ಹಸಿ ಮರದ ಬಿಲ್ಲು ಸೋಮಾರಿ. ಬಗ್ಗಿಸಿದರೆ ಬಗ್ಗಿಯೇ ಉಳಿಯುತ್ತದೆ. ಅದಕ್ಕೇ ಸೀಳಿದ ಮರವನ್ನು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಹೊರಗೆ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ್ನೂ ಹಸಿಯಾಗಿರುತ್ತದೆ. ಆ ಜಗ್ಗಾಟದಲ್ಲಿ ಮರ ಬಿರಿಯುತ್ತದೆ.

ಒಣಗಿದ ಮೇಲೆ ಬಾಚಿಯಿಂದ ಕೆತ್ತಿ ಬಿಲ್ಲಿನ ರೂಪ ತರುತ್ತಾರೆ. ನಡುವೆ ಹಿಡಿಯುವ ಜಾಗ ದಪ್ಪ, ಎರಡೂ ತುದಿಗಳ ಕಡೆಗೆ ಬರಬರುತ್ತ ಸಣ್ಣ. ಕಷ್ಟದ ಕೆಲಸ ಶುರುವಾಗುವುದು ಇದಾದ ಮೇಲೆ. ಬಿಲ್ಲಿನ ನಡುವನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಹಗ್ಗ ಕಟ್ಟಿ, ಕೆಳಕ್ಕೆ ಸ್ವಲ್ಪವೇ ಎಳೆದು, ದೂರ ನಿಂತು ನೋಡುತ್ತಾರೆ. ಎಡಗೈ ಕಡೆಯ ತೋಳು ಬಲಗಡೆಯದಕ್ಕಿಂತ ಹೆಚ್ಚು ಬಾಗಿತೆ? ಎಲ್ಲಿ ಮೊಂಡಾಗಿ ನೆಟ್ಟಗೇ ಉಳಿದಿದೆ? ಮೊಂಡಾದ ಕಡೆ ಚಾಕುವಿನಲ್ಲೋ ಗಾಜಿನ ಚೂರಿನಲ್ಲೋ ಹೆರೆಯುತ್ತಾರೆ. ಹೆಚ್ಚು ಬಾಗಿದ ಕಡೆ ಮುಟ್ಟುವುದೇ ಇಲ್ಲ. ಮತ್ತೆ ಗೂಟಕ್ಕೆ ಸಿಕ್ಕಿಸಿ, ಮತ್ತೆ ಎಳೆದು, ಮತ್ತೆ ನೋಡುವುದು. ಪ್ರತಿ ಸಲವೂ ಹಗ್ಗವನ್ನು ಒಂದಿಷ್ಟು ಹೆಚ್ಚು ಎಳೆಯುತ್ತಾರೆ, ಅಷ್ಟೆ.

ಇಷ್ಟು ಎಚ್ಚರ ಯಾಕೆ ಎಂದರೆ ಇಲ್ಲೊಂದು ಲೆಕ್ಕ ಅಡಗಿದೆ. ಪಟ್ಟಿಯ ದಪ್ಪ ಅರ್ಧಕ್ಕೆ ಇಳಿದರೆ ಅದರ ಬಿಗುಪು ಅರ್ಧಕ್ಕೆ ಇಳಿಯುವುದಿಲ್ಲ, ಎಂಟನೇ ಒಂದಕ್ಕೆ ಇಳಿಯುತ್ತದೆ. ಅರ್ಧ × ಅರ್ಧ × ಅರ್ಧ = ಎಂಟನೇ ಒಂದು. ದಪ್ಪದಲ್ಲಿ ಹತ್ತನೇ ಒಂದು ಭಾಗ ಹೆರೆದರೂ ಬಿಗುಪು ಕಾಲು ಭಾಗಕ್ಕಿಂತ ಹೆಚ್ಚೇ ಹೋಗುತ್ತದೆ. ಹೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಈ ಸೂತ್ರವನ್ನು ಪಾಟಿಯ ಮೇಲೆ ಯಾರೂ ಬರೆದುಕೊಡದಿದ್ದರೂ ಬಿಲ್ಲು ಕೆತ್ತುವವರ ಬೆರಳಿಗೆ ಅದು ಗೊತ್ತಿತ್ತು.

ಬಿಲ್ಲು ಮಾಡುವ ಚಮತ್ಕಾರವನ್ನೂ ಲೆಕ್ಕ ಹಾಕೋಣ. 15 ಕಿಲೋ ತೂಕ ಎತ್ತುವಷ್ಟು ಬಲ ಕೇಳುವ ಬಿಲ್ಲನ್ನು ಅರ್ಧ ಮೀಟರ್ ಎಳೆಯುತ್ತೀರಿ ಎಂದುಕೊಳ್ಳಿ. ಎಳೆತ ಸೊನ್ನೆಯಿಂದ ಶುರುವಾಗಿ ಏರುವುದರಿಂದ ಸರಾಸರಿ ಬಲ ಅದರ ಅರ್ಧ. ಬಿಲ್ಲಿನಲ್ಲಿ ಸೇರುವ ಶಕ್ತಿ ಸುಮಾರು 37 ಜೂಲ್. ಒಂದು ಲೀಟರ್ ನೀರಿನ ಬಾಟಲಿಯನ್ನು ನೆಲದಿಂದ ಮೊದಲ ಮಹಡಿಗೆ ಎತ್ತಲು ಸಾಕಾಗುವ ಶಕ್ತಿ ಇದು. ಅದರಲ್ಲಿ ನೂರಕ್ಕೆ 60 ಪಾಲು 25 ಗ್ರಾಂ ತೂಕದ ಬಾಣಕ್ಕೆ ಸಿಕ್ಕರೂ ಬಾಣ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ನೀವು ಎಳೆಯಲು ಒಂದೆರಡು ಸೆಕೆಂಡ್ ತೆಗೆದುಕೊಂಡಿರಿ. ಬಿಲ್ಲು ಅದನ್ನೆಲ್ಲ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಹಿಂದಿರುಗಿಸಿತು. ನಿಧಾನವಾಗಿ ಪಡೆದದ್ದನ್ನು ಥಟ್ಟನೆ ಕೊಡುವುದೇ ಬಿಲ್ಲಿನ ಕೆಲಸ. ಹಾಗಾಗಿಯೇ ಆಟದ ಬಿಲ್ಲನ್ನೂ ಯಾರ ಕಡೆಗೂ, ಯಾವ ಪ್ರಾಣಿಯ ಕಡೆಗೂ ಗುರಿ ಹಿಡಿಯಬಾರದು.

ಬಳಸಿ ಆದ ಮೇಲೆ ಹೆದೆ ಇಳಿಸಿಡುವುದು ಹಳೆಯ ಪದ್ಧತಿ. ಸದಾ ಬಾಗಿಯೇ ಇದ್ದರೆ ನಾರುಗಳು ನಿಧಾನವಾಗಿ ಜಾರಿ ಆ ಆಕಾರಕ್ಕೇ ಒಗ್ಗಿಕೊಂಡು ಬಿಲ್ಲು ಬಲ ಕಳೆದುಕೊಳ್ಳುತ್ತದೆ.

ದಾವಣಗೆರೆಯ ಇನ್ನೊಂದು ಬಿಲ್ಲು

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಹತ್ತಿಯ ಗಿರಣಿಗಳ ಊರು. ಗಿರಣಿಗಳಿಗೂ ಮೊದಲೇ ಈ ಸೀಮೆಯಲ್ಲಿ ಹತ್ತಿಯನ್ನು ಹಿಂಜುತ್ತಿದ್ದವರು ಪಿಂಜಾರರು. ನದಾಫರು ಎಂದೂ ಕರೆಯುತ್ತಾರೆ. ಅವರ ಮುಖ್ಯ ಸಲಕರಣೆ ಏನು ಗೊತ್ತೆ? ಒಂದು ಬಿಲ್ಲು!

ಆಳೆತ್ತರದ ಗಟ್ಟಿ ಮರದ ದಂಡ. ಅದರ ಒಂದು ತುದಿಗೆ ಅಗಲವಾದ ಹಲಗೆ. ಈ ತುದಿಯಿಂದ ಆ ತುದಿಗೆ ಬಿಗಿದ ತಂತಿ. ಅದು ಲೋಹದ ತಂತಿಯಲ್ಲ, ಪ್ರಾಣಿಯ ಕರುಳನ್ನು ಹೊಸೆದು ಮಾಡಿದ್ದು. ಬಿಲ್ಲನ್ನು ಹತ್ತಿಯ ರಾಶಿಯ ಮೇಲೆ ತೂಗಿ ಹಿಡಿದು, ಎರಡೂ ಕಡೆ ಗುಂಡಗಿರುವ ಮರದ ಕೊಡತಿಯಿಂದ ತಂತಿಯನ್ನು ಮೀಟಿದರೆ ಟಂಯ್ ಎನ್ನುತ್ತದೆ. ಕಂಪಿಸುವ ತಂತಿ ಹತ್ತಿಯ ಗಂಟನ್ನು ಸೆಕೆಂಡಿಗೆ ಎಷ್ಟೋ ಸಲ ತಟ್ಟುತ್ತದೆ. ಹಗುರವಾದ ಎಳೆಗಳು ಬಿಡಿಬಿಡಿಯಾಗಿ ಹಾರಿ ಬೀಳುತ್ತವೆ. ಭಾರವಾದ ಕಸ, ಸಿಪ್ಪೆಯ ಚೂರು ಕೆಳಗೆ ಉದುರುತ್ತವೆ. ಹಾಸಿಗೆ, ದಿಂಬು ತುಂಬಲು ಹತ್ತಿ ಸಿದ್ಧ.

ಬಾಣದ ಬಿಲ್ಲಿನಲ್ಲಿ ಮರ ಬಾಗಬೇಕು, ಹೆದೆ ಹಿಗ್ಗಬಾರದು. ಪಿಂಜಾರರ ಬಿಲ್ಲಿನಲ್ಲಿ ಮರ ಅಲುಗಬಾರದು, ತಂತಿ ಕುಣಿಯಬೇಕು. ಕೆಲಸ ಬದಲಾದರೆ ಮರವನ್ನು ಕೆತ್ತುವ ರೀತಿಯೂ ಬದಲಾಗುತ್ತದೆ. ಈಗ ಹತ್ತಿ ಹಿಂಜಲು ಯಂತ್ರ ಬಂದಿದೆ, ಆ ಬಿಲ್ಲಿನ ದನಿ ಓಣಿಗಳಲ್ಲಿ ಅಪರೂಪ. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ, ಅವರು ಕೇಳಿಸಿಕೊಂಡಿರುತ್ತಾರೆ.

ಕರುಳಿನ ತಂತಿಗೆ ಆ ಗಟ್ಟಿತನ ಬಂದದ್ದು ಎಲ್ಲಿಂದ? ಇಲ್ಲಿಂದ ನಾವು ಎರಡನೇ ಪ್ರಶ್ನೆಗೆ ದಾಟುತ್ತೇವೆ.

ತೊಗಲಿನೊಳಗಿನ ಹುರಿ

ಪ್ರಾಣಿಗಳ ತೊಗಲು, ಸ್ನಾಯುರಜ್ಜು, ಕರುಳಿನ ಗೋಡೆ ಎಲ್ಲದಕ್ಕೂ ಬಲ ಕೊಡುವುದು ಕೊಲಾಜೆನ್ ಎಂಬ ಪ್ರೋಟೀನು. ನಿಮ್ಮ ದೇಹದ ಪ್ರೋಟೀನಿನಲ್ಲೂ ಸುಮಾರು ಮೂರನೇ ಒಂದು ಪಾಲು ಅದೇ. ಅದರ ರಚನೆಯನ್ನು ಬಿಡಿಸಿ ತೋರಿಸಿದವರು ನಮ್ಮ ದೇಶದವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ 1954-55ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗೋಪಿನಾಥ್ ಕರ್ತಾ ಜೊತೆ ಸೇರಿ ಈ ಕೆಲಸ ಮಾಡಿದರು. ಪಕ್ಕದಲ್ಲೇ 1948ರಲ್ಲಿ ಶುರುವಾಗಿದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನೆರವಿನಿಂದ ಅವರಿಗೆ ಕಾಂಗರೂ ಬಾಲದ ರಜ್ಜು ಸಿಕ್ಕಿತು. ಅದರ ಮೂಲಕ ಕ್ಷಕಿರಣ ಹಾಯಿಸಿ ಅವರು ಕಂಡುಕೊಂಡದ್ದು, ಮೂರು ಎಳೆ ಒಂದಕ್ಕೊಂದು ಸುತ್ತಿಕೊಂಡ ರಚನೆ. ದನ ಕಟ್ಟಲು ಪುಂಡಿನಾರಿನ ಮೂರೆಳೆ ಹಗ್ಗ ಹೊಸೆಯುತ್ತಾರಲ್ಲ, ಹಾಗೆ. ಈ ಹುರಿಯ ದಪ್ಪ ಒಂದೂವರೆ ನ್ಯಾನೋಮೀಟರ್ ಮಾತ್ರ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ರಾಮಚಂದ್ರನ್ ಮುಂದೆ ಬೆಂಗಳೂರಿಗೇ ಮರಳಿ ಆಣ್ವಿಕ ಜೀವಭೌತವಿಜ್ಞಾನದ ವಿಭಾಗ ಕಟ್ಟಿದರು.

ಹಸಿ ತೊಗಲಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ನೀರೇ. ಹುರಿಗಳ ನಡುವೆಲ್ಲ ನೀರು ತುಂಬಿರುತ್ತದೆ. ನೀರಿದ್ದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಹುರಿಯನ್ನು ಕತ್ತರಿಸಿ ತಿನ್ನುತ್ತವೆ. ಕೊಳೆಯುವುದೆಂದರೆ ಇದೇ. ಹಾಗಾದರೆ ಒಣಗಿಸಿಬಿಟ್ಟರೆ ಸಾಲದೆ? ಒಣಗಿಸಿದರೆ ಕೊಳೆಯುವುದಿಲ್ಲ. ಆದರೆ ನೀರು ಹೋದಾಗ ಹುರಿಗಳು ಒಂದಕ್ಕೊಂದು ಅಂಟಿಕೊಂಡು ತೊಗಲು ಸೆಟೆಯುತ್ತದೆ. ಮತ್ತೆ ನೀರು ತಗುಲಿದರೆ ಮೆತ್ತಗಾಗಿ ಕೊಳೆಯಲು ಶುರು.

ಸೆಟೆದ ತೊಗಲೂ ಉಪಯೋಗಕ್ಕೆ ಬರುತ್ತದೆ. ಡೊಳ್ಳು, ಹಲಗೆಗಳ ಮುಚ್ಚಿಗೆ ಅಂಥದ್ದೇ. ಹಲಗೆ ಬಾರಿಸುವವರು ಮೊದಲು ಅದನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ನೋಡಿದ್ದೀರಾ? ಗಾಳಿಯ ತೇವ ಹೀರಿ ಸಡಿಲವಾದ ತೊಗಲು ಕಾವಿಗೆ ಒಣಗಿ ಮತ್ತೆ ಬಿಗಿಯುತ್ತದೆ, ದನಿ ಏರುತ್ತದೆ. ತೊಗಲುಗೊಂಬೆಗೂ ಕೂದಲು ತೆಗೆದು ಹೆರೆದು ತೆಳುವಾಗಿಸಿ ಒಣಗಿಸಿದ ತೊಗಲು ಬೇಕು. ಅಂಟಿಕೊಂಡ ನಾರುಗಳ ನಡುವೆ ಗಾಳಿ ಉಳಿಯದ ಕಾರಣ ದೀಪದ ಬೆಳಕು ಅದರ ಮೂಲಕ ಹಾಯುತ್ತದೆ, ಬಣ್ಣ ಪರದೆಯ ಮೇಲೆ ಮೂಡುತ್ತದೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಗೊಂಬೆಯಾಟಕ್ಕೇ.

ಹಸಿ ತೊಗಲಿನ ಚೂರುಗಳನ್ನು ನೀರಿನಲ್ಲಿ ಬಹಳ ಹೊತ್ತು ಕಾಯಿಸಿದರೆ ಮೂರೆಳೆಯ ಹುರಿ ಬಿಚ್ಚಿಕೊಂಡು ಗೊಂದಿನಂಥ ಅಂಟು ಬರುತ್ತದೆ. ಬಡಗಿಗಳು ಹಿಂದೆ ಬಳಸುತ್ತಿದ್ದ ಮರವಜ್ರ ಇದೇ. ಮರದ ನಾರನ್ನು ತೊಗಲಿನ ನಾರು ಅಂಟಿಸಿ ಹಿಡಿಯುತ್ತಿತ್ತು.

ಒಗರು ಮಾಡುವ ಕೆಲಸ

ಚಪ್ಪಲಿಗೆ ಮಾತ್ರ ಇದಾವುದೂ ಆಗದು. ಅದು ಮೆತ್ತಗಿರಬೇಕು, ನೆನೆದರೂ ಕೊಳೆಯಬಾರದು. ಅದಕ್ಕೆ ತೊಗಲನ್ನು ಹದ ಮಾಡಬೇಕು.

ನೇರಳೆಹಣ್ಣು ತಿಂದಾಗ ನಾಲಿಗೆ ಒರಟಾಗಿ, ಬಾಯಿ ಒಣಗಿದಂತೆ ಆಗುತ್ತದಲ್ಲ, ಅದು ಟ್ಯಾನಿನ್ ಮಾಡುವ ಕೆಲಸ. ಟ್ಯಾನಿನ್ ಅಣುವಿಗೆ ಪ್ರೋಟೀನನ್ನು ಏಕಕಾಲಕ್ಕೆ ಹಲವು ಕಡೆ ಹಿಡಿದುಕೊಳ್ಳುವ ಶಕ್ತಿ ಇದೆ. ಅದು ಎಂಜಲಿನಲ್ಲಿರುವ ಜಾರುವ ಪ್ರೋಟೀನುಗಳನ್ನು ಹಿಡಿದು ಗಟ್ಟಿಸಿಬಿಡುತ್ತದೆ. ಜಾರಿಕೆ ಹೋಗಿ ನಾಲಿಗೆ ಒರಟೆನಿಸುತ್ತದೆ. ಹಾಲು ಹಾಕದ ಚಹಾ ಒಗರು. ಹಾಲು ಹಾಕಿದರೆ ಟ್ಯಾನಿನ್ ಹಾಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ನಾಲಿಗೆ ಬಚಾವು!

ಗಿಡಗಳು ಟ್ಯಾನಿನ್ ತಯಾರಿಸುವುದು ತಮ್ಮ ರಕ್ಷಣೆಗೆ. ಹುಳುವೋ ದನವೋ ಬಾಯಿ ಹಾಕಿದರೆ ಒಗರೆನಿಸಿ ಬಿಟ್ಟುಹೋಗಲಿ ಎಂದು. ತೊಗಟೆ, ಎಳೆ ಕಾಯಿಗಳಲ್ಲಿ ಅದು ಹೆಚ್ಚು. ಜಗಳೂರಿನ ಕಡೆಯ ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವನ್ನು ನೋಡಿರುತ್ತೀರಿ. ಅದರ ಚಕ್ಕೆ, ಕರಿಜಾಲಿಯ ಚಕ್ಕೆ, ಗಂಧಿಗೆ ಅಂಗಡಿಯಲ್ಲಿ ಸಿಗುವ ಅಳಲೆಕಾಯಿ, ಈ ಮೂರೂ ನಮ್ಮ ನಾಡಿನಲ್ಲಿ ತೊಗಲು ಹದ ಮಾಡಲು ಬಳಕೆಯಾದವು. ಚನ್ನಗಿರಿಯಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ಕಂದು ಚೊಗರಿನಲ್ಲೂ ಟ್ಯಾನಿನ್ ಇದೆ. ಇಲ್ಲಿ ಒಂದು ಎಚ್ಚರಿಕೆ. ಅಡಿಕೆ, ಗುಟ್ಕಾ ಜಗಿಯುವವರಿಗೆ ಬಾಯಿ ತೆರೆಯಲೇ ಆಗದಂತೆ ಬಿಗಿಯುವ ಕಾಯಿಲೆ ಬರುವುದುಂಟು. ಕೆನ್ನೆಯೊಳಗೆ ಕೊಲಾಜೆನ್ ನಾರು ಮಿತಿಮೀರಿ ಸೇರಿ ಗಟ್ಟಿಯಾಗುವುದೇ ಅದಕ್ಕೆ ಕಾರಣ. ತೊಗಲಿಗೆ ಒಳ್ಳೆಯದಾದ ಹದ ಬಾಯಿಗೆ ಬೇಡ.

ವಿಜ್ಞಾನಿ ಹಂಫ್ರಿ ಡೇವಿ 1803ರಲ್ಲಿ ಲಂಡನ್ನಿನಲ್ಲಿ ಈ ಒಗರನ್ನು ಪರೀಕ್ಷೆ ಮಾಡಿದರು. ಅವರು ಆರಿಸಿಕೊಂಡ ವಸ್ತುಗಳಲ್ಲಿ ಬೊಂಬಾಯಿ ಮತ್ತು ಬಂಗಾಳದಿಂದ ಹೋದ ಕಾಚೂ ಇತ್ತು. ಅಲ್ಲಿನವರು ಬಳಸುತ್ತಿದ್ದ ಓಕ್ ಚಕ್ಕೆಗಿಂತ ಅದು ಹಲವು ಪಟ್ಟು ಬಲವಾಗಿದೆ ಎಂದು ತೋರಿಸಿದರು.

ಹದದ ಹಂತಗಳು

ಕೈಯಿಂದ ಹದ ಮಾಡುವಾಗ ಮೊದಲ ಕೆಲಸ ತೊಗಲಿಗೆ ಉಪ್ಪು ಸವರುವುದು. ಉಪ್ಪು ನೀರನ್ನು ಎಳೆದು ತೆಗೆಯುತ್ತದೆ, ಬ್ಯಾಕ್ಟೀರಿಯಾ ಸುಮ್ಮನಾಗುತ್ತವೆ. ಬಳಿಕ ತೊಳೆದು ಸುಣ್ಣದ ನೀರಿನ ತೊಟ್ಟಿಯಲ್ಲಿ ಕೆಲವು ದಿನ ಇಡುತ್ತಾರೆ. ಕೂದಲು ಕೆರಾಟಿನ್ ಎಂಬ ಬೇರೆ ಪ್ರೋಟೀನು. ಸುಣ್ಣ ಅದರ ಬುಡವನ್ನು ಸಡಿಲಿಸುತ್ತದೆ, ಕೊಲಾಜೆನ್ ಹುರಿಗಳನ್ನು ಉಬ್ಬಿಸಿ ಬಿಡಿಬಿಡಿ ಮಾಡುತ್ತದೆ. ಆಮೇಲೆ ತೊಗಲನ್ನು ಓರೆಯಾಗಿ ನಿಲ್ಲಿಸಿದ ದಿಮ್ಮಿಯ ಮೇಲೆ ಹರಡಿ, ಮೊಂಡು ಬಾಯಿಯ ಬಾಗಿದ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ದೂಡುತ್ತಾರೆ. ಕೂದಲು ಗುಪ್ಪೆ ಗುಪ್ಪೆಯಾಗಿ ಬರುತ್ತದೆ. ಮಗುಚಿ ಹಾಕಿ ಒಳಮೈಗೆ ಅಂಟಿದ ಮಾಂಸ, ಕೊಬ್ಬನ್ನೂ ಹೆರೆಯುತ್ತಾರೆ. ಸುಣ್ಣ ಹೋಗುವ ತನಕ ಚೆನ್ನಾಗಿ ತೊಳೆಯುತ್ತಾರೆ.

ಇನ್ನು ಚಕ್ಕೆಯ ಸರದಿ. ಮೊದಲ ದಿನವೇ ಗಾಢವಾದ ಚಕ್ಕೆನೀರಿಗೆ ಹಾಕಿದರೆ ಬೇಗ ಆಗುವುದಿಲ್ಲವೆ? ಆಗುವುದಿಲ್ಲ! ಹೊರಮೈ ಮಾತ್ರ ಹದವಾಗಿ ಮುಚ್ಚಿಕೊಂಡು, ಟ್ಯಾನಿನ್ ಒಳಗೆ ಇಳಿಯದೆ, ನಡುವೆ ಹಸಿಯೇ ಉಳಿಯುತ್ತದೆ. ಹಾಗಾಗಿ ತೆಳು ನೀರಿನಿಂದ ಶುರು ಮಾಡಿ ದಿನದಿಂದ ದಿನಕ್ಕೆ ಗಾಢ ಮಾಡುತ್ತಾರೆ. ದಪ್ಪ ತೊಗಲಿಗೆ ಇನ್ನೊಂದು ಉಪಾಯವಿದೆ. ತೊಗಲನ್ನೇ ಚೀಲವಾಗಿ ಹೊಲಿದು, ಒಳಗೆ ಚಕ್ಕೆ, ನೀರು ತುಂಬಿ ತೂಗುಹಾಕುವುದು. ನೀರು ತನ್ನ ಭಾರಕ್ಕೇ ತೊಗಲಿನ ಮೂಲಕ ಜಿನುಗುತ್ತದೆ. ಜಿನುಗಿದ್ದನ್ನು ಹಿಡಿದು ಮತ್ತೆ ಮೇಲೆ ಸುರಿಯುತ್ತಾರೆ. ಹುರಿಹುರಿಯ ನಡುವೆಯೂ ಟ್ಯಾನಿನ್ ಸೇರಿ ಅವುಗಳನ್ನು ಕೂಡಿಸಿ ಹಿಡಿಯುತ್ತದೆ. ನೀರಿಗಿದ್ದ ಜಾಗ ಟ್ಯಾನಿನ್ನಿನ ಪಾಲಾಗುತ್ತದೆ, ಬ್ಯಾಕ್ಟೀರಿಯಾಗೆ ಹುರಿಯನ್ನು ಕತ್ತರಿಸಲು ಸಂದು ಸಿಗುವುದಿಲ್ಲ. ಎರಡನೇ ಪ್ರಶ್ನೆಗೆ ಉತ್ತರ ಇದು. ಕೊನೆಗೆ ಎಣ್ಣೆ ಉಜ್ಜಿ, ನೆರಳಿನಲ್ಲಿ ಒಣಗಿಸಿ, ಬಡಿದು ಮೆತ್ತಗೆ ಮಾಡುತ್ತಾರೆ.

ಹದವಾಯಿತೋ ಇಲ್ಲವೋ ಎಂದು ತಿಳಿಯಲು ಬಿಸಿನೀರಿನ ಪರೀಕ್ಷೆ ಇದೆ. ಹಸಿ ತೊಗಲು 60-65 ಡಿಗ್ರಿ ಬಿಸಿಗೇ ಮುದುಡಿಕೊಳ್ಳುತ್ತದೆ. ಚಕ್ಕೆಯಲ್ಲಿ ಹದವಾದದ್ದು ಸುಮಾರು 75-80 ಡಿಗ್ರಿವರೆಗೆ ತಡೆಯುತ್ತದೆ. ಕ್ರೋಮಿಯಂ ಲವಣದಿಂದ ಹದ ಮಾಡಿದ್ದು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಈಗ ಲೋಕದಲ್ಲಿ ಬಹುಪಾಲು ತೊಗಲು ಹದವಾಗುವುದು ಕ್ರೋಮಿಯಂನಿಂದಲೇ. ವಾರಗಟ್ಟಲೆಯ ಕೆಲಸ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಆದರೆ ಆ ನೀರನ್ನು ಶುದ್ಧ ಮಾಡದೆ ಹಳ್ಳಕ್ಕೆ ಬಿಟ್ಟರೆ ಮಣ್ಣಿಗೂ ಬಾವಿಗೂ ಕೇಡು.

ಮಾಡಿ ನೋಡಿ: ಎರಡು

ದೊಡ್ಡವರ ಜೊತೆ ಮಾಡಿ. ಎರಡು ಚಮಚ ಚಹಾಪುಡಿ ಹಾಕಿ ಅರ್ಧ ಲೋಟ ಗಟ್ಟಿ ಡಿಕಾಕ್ಷನ್ ಕುದಿಸಿ, ಸೋಸಿ, ಪೂರ್ತಿ ಆರಲು ಬಿಡಿ. ಹಾಲು, ಸಕ್ಕರೆ ಬೇಡ. ಇನ್ನೊಂದು ಗಾಜಿನ ಲೋಟದಲ್ಲಿ ಒಂದು ಚಮಚ ಮೊಟ್ಟೆಯ ಬಿಳಿಲೋಳೆ, ಚಿಟಿಕೆ ಉಪ್ಪು, ಅರ್ಧ ಲೋಟ ತಣ್ಣೀರು ಹಾಕಿ ಕಲಸಿ. ಅದಕ್ಕೆ ಆರಿದ ಡಿಕಾಕ್ಷನ್ನನ್ನು ನಿಧಾನವಾಗಿ ಸುರಿಯಿರಿ. ತಿಳಿಯಾಗಿದ್ದದ್ದು ಬಗ್ಗಡವಾಗುತ್ತದೆ. ಸ್ವಲ್ಪ ಹೊತ್ತಿಗೆ ಸಣ್ಣ ಚೂರುಗಳು ತಳಕ್ಕೆ ಕೂರುತ್ತವೆ. ಟ್ಯಾನಿನ್ ಪ್ರೋಟೀನನ್ನು ಹಿಡಿದದ್ದನ್ನು ನೀವು ಕಣ್ಣಾರೆ ಕಂಡಿರಿ. ಉಳಿದ ಡಿಕಾಕ್ಷನ್ನಿನಲ್ಲಿ ಒಂದು ಕಬ್ಬಿಣದ ಮೊಳೆ ಹಾಕಿ ಮರುದಿನ ನೋಡಿ. ನೀರು ಕಪ್ಪಾಗಿರುತ್ತದೆ. ಬಾಳೆಕಾಯಿ ಹೆಚ್ಚಿದಾಗ ಈಳಿಗೆ ಕಪ್ಪಾಗುವುದೂ, ಹಿಂದೆ ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಪ್ರಯೋಗಕ್ಕೆ ಬಳಸಿದ್ದನ್ನು ಕುಡಿಯಬೇಡಿ.

ಈ ಕೈಗಳಿಗೆ ಸಲ್ಲಬೇಕಾದದ್ದು

ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ, ನೇಗಿಲಿಗೆ ಕಟ್ಟುವ ಮಿಣಿ, ಎತ್ತಿನ ಬಾರುಕೋಲು, ಕಾಲಿನ ಕೆರ, ಹಬ್ಬದ ಡೊಳ್ಳು, ಇವೆಲ್ಲ ಇಲ್ಲದೆ ಹಳೆಯ ಕಾಲದ ಒಂದು ಊರೂ ನಡೆಯುತ್ತಿರಲಿಲ್ಲ. ಆದರೂ ಈ ಕೆಲಸ ಮಾಡಿದವರನ್ನು ಊರು ದೂರ ಇಟ್ಟಿತು, ಮುಟ್ಟಬಾರದವರು ಎಂದಿತು. ಅದು ಅನ್ಯಾಯ. 12ನೇ ಶತಮಾನದ ಕಲ್ಯಾಣದಲ್ಲಿ ಶರಣರು ಈ ಭೇದವನ್ನು ಪ್ರಶ್ನಿಸಿದರು. ತೊಗಲು ಹದ ಮಾಡುವ ಡೋಹರ ಕಕ್ಕಯ್ಯ, ಕೆರ ಹೊಲಿಯುವ ಸಮಗಾರ ಹರಳಯ್ಯ ಅಲ್ಲಿ ಬಸವಣ್ಣನವರ ಜೊತೆ ಸಮನಾಗಿ ಕೂತವರು. ಸುಣ್ಣದ ನೀರು ಎಷ್ಟು ದಿನ, ಚಕ್ಕೆ ಯಾವ ಹದಕ್ಕೆ, ಯಾವಾಗ ಗಾಢ ಮಾಡಬೇಕು ಎಂದು ಬಲ್ಲವರು ರಸಾಯನ ವಿಜ್ಞಾನ ಬಲ್ಲವರೇ.

ಈ ವಿದ್ಯೆ ಇನ್ನೂ ಉಳಿದಿದೆ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಕೈಯಿಂದ ಮಾಡುವ ಕೊಲ್ಹಾಪುರಿ ಚಪ್ಪಲಿಗೆ ಬೇಕಾಗುವುದು ಗಿಡಮರದ ಒಗರಿನಲ್ಲಿ ಹದವಾದ ತೊಗಲೇ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಅದರಲ್ಲಿ ಸಮಪಾಲು.

ಮಕ್ಕಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಓಣಿಯ ಬಡಗಿ, ಚಪ್ಪಲಿ ಹೊಲಿಯುವವರು, ಬುಟ್ಟಿ ಹೆಣೆಯುವವರು, ಹಾಸಿಗೆ ಮಾಡುವವರು, ಹಲಗೆ ಬಾರಿಸುವವರು, ಇವರಲ್ಲಿ ಒಬ್ಬರನ್ನಾದರೂ ಗೌರವದಿಂದ ಮಾತಾಡಿಸಿ. ನಾರಿನ ದಿಕ್ಕನ್ನು ಹೇಗೆ ಗುರುತಿಸುತ್ತೀರಿ, ಒಳ್ಳೆಯ ತೊಗಲನ್ನು ಮುಟ್ಟಿ ಹೇಗೆ ಹೇಳುತ್ತೀರಿ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಶಾಲೆ ಶುರುವಾದ ಮೇಲೆ ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ, ತರಗತಿಯಲ್ಲಿ ಓದಿ ಹೇಳಿ.